ಮೂಲ ತಿಳಿಯದು

ದಸರೆಯಿಂದ ನಮ್ಮ ಕುಕ್ಕರಿಗೆ ಸೀಟಿಯಿಲ್ಲ.
ಇವರೇ ತೆಗೆದು, ಕರವಸ್ತ್ರದಲ್ಲಿ ಸುತ್ತಿ
ಕಪಾಟಿನೊಳಗೆ ಇಟ್ಟಿದ್ದಾರೆ,
ಗಲಗಲ ಎನ್ನುವ ನನ್ನ ಕೀಲಿಗೊಂಚಲಿನ ಜೊತೆ.
ಮರಿಗಳು ಕಲಿಯುತ್ತಿವೆ.
ಕಿವಿಗೆ ಬಿದ್ದದ್ದೆಲ್ಲ ಗಂಟಲಿಗೆ ಇಳಿಯುವ ತಿಂಗಳುಗಳಂತೆ ಇವು.

ಬೇಳೆ ಈಗ ತೆರೆದ ಪಾತ್ರೆಯಲ್ಲಿ
ಒಂದು ತಾಸು ಬೇಯುತ್ತದೆ,
ನಾನೂ ಅದರೆದುರು.

ಕೋಡಿಬಾಗದ ಈ ಎರಡು ಖೋಲಿಯ ಮನೆಯಲ್ಲಿ
ಒಂದು ಖೋಲಿ ಕ್ಯಾನರಿಗಳದ್ದು.
ಕಿಟಕಿಗೆ ನನ್ನ ಸೀಮಂತದ ಹಸಿರು ಸೀರೆ.
ಹನ್ನೊಂದು ಗೂಡು, ಒಂದೊಂದಕ್ಕೂ ಮರದ ಬಾಗಿಲು,
ಹಾಡುವವರಿಗೆ ಕತ್ತಲು ಬೇಕಂತೆ.
ನಡುವೆ ಮುದುಕ ಗುರು.
ಸದಾಶಿವಗಡದ ಪಾಸ್ಕು ಮಿರಾಂದ
ಸ್ಕೂಟರಿನ ಮೇಲೆ, ಗಾಳಿ ತಾಗದಂತೆ ಕೋಟಿನೊಳಗಿಟ್ಟು
ಕಾಳಿ ಸೇತುವೆ ದಾಟಿಸಿ ತಂದುಕೊಟ್ಟದ್ದು.
ಕೊಕ್ಕು ತೆರೆಯದೆ ಹಾಡುತ್ತದೆ ಅದು,
ಮುಚ್ಚಿದ ಹಂಡೆಯಲ್ಲಿ ನೀರು ಕುದಿದಂತೆ,
ಇರುಳಲ್ಲಿ ಬೋಟೊಂದು ಅಳಿವೆಯೊಳಗೆ ಬಂದಂತೆ.
ಕೊಕ್ಕು ತೆರೆದರೆ ಅಂಕ ಹೋಯಿತು, ಅನ್ನುತ್ತಾರೆ ಇವರು.
ಆ ವಿದ್ಯೆ ನನಗೂ ಸ್ವಲ್ಪ ಗೊತ್ತು.

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ
ಕಂಪ್ರೆಸರಿನ ಪಕ್ಕ ನಿಂತೂ ನಿಂತೂ
ಇವರ ಎಡಗಿವಿ ಅರ್ಧ ಹೋಗಿದೆ.
ಊಟಕ್ಕೆ ಕರೆದರೆ ಕೇಳುವುದಿಲ್ಲ.
ರಾತ್ರಿ ಮಾತ್ರ, ಬಲಗಿವಿ ಮೇಲಾಗಿ ಮಲಗಿ,
“ಮೂರನೆಯದು ಇಳಿಯುವಾಗ ತುಸು ಎಡವಿತು” ಎನ್ನುತ್ತಾರೆ.
ಯಾರಿಗೆ ಹೇಳುತ್ತಾರೋ.

ದಂಡೆಯಲ್ಲಿ ಮಾಣಕಿಯ ಬಿಳಿ ಎಲುಬು ಆರಿಸಿ ತರುವವಳು ನಾನು,
ಕೊಕ್ಕು ಮಸೆಯಲು.
ಹುಚ್ಚೆಳ್ಳು, ನವಣೆ, ಬೇಯಿಸಿದ ಮೊಟ್ಟೆಯ ಪುಡಿ.
ಸಾಸಿವೆ ನನ್ನ ಡಬ್ಬಿಯಿಂದಲೇ ಹೋಗುತ್ತದೆ.

ಜನವರಿಯ ಎರಡನೇ ರವಿವಾರ,
ಕಾಜುಬಾಗದ ಶಾಲೆ, ಮೂರನೇ ಇಯತ್ತೆಯ ಕೋಣೆ.
ಗೋಡೆಯ ಮೇಲೆ ಹದಿಮೂರರ ಮಗ್ಗಿ.
ಮಡಗಾಂವದಿಂದ ಬಂದ ತೀರ್ಪುಗಾರರು ಮಫ್ಲರ್ ಬಿಚ್ಚಿ
ಗೂಡುಗಳ ಬಾಗಿಲು ತೆರೆದರು, ಗಡಿಯಾರ ನೋಡಿಕೊಂಡರು.
ಹದಿನೇಳು ಗಂಡಸರು ಉಸಿರು ಹಿಡಿದು ಕೂತದ್ದನ್ನು
ನಾನು ನೋಡಿದ್ದು ಅದೇ ಮೊದಲು.
ಯಾರದೋ ಹೊಟ್ಟೆ ಗುರ್ ಎಂದಿತು;
ಎಲ್ಲರೂ ತಿರುಗಿ ಅವನನ್ನು ಸುಟ್ಟರು.

ಒಂದನೆಯದು ಹಾಡಿತು. ಎರಡನೆಯದು ಅದನ್ನೇ ಎತ್ತಿಕೊಂಡಿತು.
ಮೂರನೆಯದು ಎಡವಲಿಲ್ಲ.
ನಾಲ್ಕನೆಯದು, ಕುತ್ತಿಗೆಯಲ್ಲಿ ಮಚ್ಚೆಯಿರುವ ಮರಿ,
ಇಳಿಯಿತು, ಇಳಿಯಿತು, ತಳ ಮುಟ್ಟಿತು,
ಅಲ್ಲಿಂದ
ಚಟ್. ಚಟಚಟ. ಚಟ್.
ಆಮೇಲೆ ಸುಂಯ್ ಎಂದು ಉದ್ದಕ್ಕೆ ಎಳೆಯಿತು.

ನನ್ನ ಮುಖ ಬಿಸಿಯಾಯಿತು.
ಸಾಸಿವೆ. ಆಮೇಲೆ ಕರಿಬೇವು.
ಆಮೇಲೆ ಬೇಳೆಗೆ ಸುರಿದ ಸದ್ದು.
ಇಪ್ಪತ್ತಾರು ವರ್ಷದ ಒಗ್ಗರಣೆ, ಅಳತೆ ತಪ್ಪದೆ.
ಸೀಟಿ ತೆಗೆದಿಟ್ಟರು, ಕೀಲಿಗೊಂಚಲು ಕಸಿದರು;
ಇದನ್ನು ಸದ್ದೆಂದು ಯಾರೂ ಎಣಿಸಿರಲಿಲ್ಲ,
ನಾನೂ.

ತೀರ್ಪುಗಾರರು ಬರೆದರು:
ದೋಷ, ಒರಟು ಸಿಡಿತ. ಕಳೆದ ಅಂಕ ಆರು.
ಮೂಲ ತಿಳಿಯದು.

“ಗುರುದಾಸ ಬಾಬ, ಇದನ್ನು ತಳಿಗೆ ಇಡಬೇಡಿ,” ಎಂದ ಪಾಸ್ಕು,
“ಉಳಿದವಕ್ಕೂ ಅಂಟುತ್ತದೆ. ಯಾರಿಗಾದರೂ ಕೊಟ್ಟುಬಿಡಿ.”
ಆಟೋದಲ್ಲಿ ಇವರು ಮಾತಾಡಲಿಲ್ಲ.
ಮನೆಗೆ ಬಂದು ಕಾಗದವನ್ನು ಎರಡು ಸಲ ಓದಿ
ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದರು,
“ಇವತ್ತು ಏನು ಮಾಡ್ತೀ?”
“ದಾಳಿತೊಯ್.”
ಎಣ್ಣೆ ಕಾಯಿತು. ಸಾಸಿವೆ ಹಾಕಿದೆ.
ಬಲಗಿವಿ ಇತ್ತ ಮಾಡಿ, ಕಣ್ಣು ಮುಚ್ಚಿ
ಕಡೆಯ ಕಾಳು ಸಿಡಿಯುವ ತನಕ ನಿಂತೇ ಇದ್ದರು.

ಆ ಕಾಗದ ಈಗ ನನ್ನ ಸಾಸಿವೆ ಡಬ್ಬಿಯ ಅಡಿಯಲ್ಲಿದೆ.
ಮಚ್ಚೆಯ ಹಕ್ಕಿ ಅಡುಗೆಮನೆಯ ಕಿಟಕಿಯಲ್ಲಿ,
ಸೀರೆ ಇಲ್ಲದೆ, ಉಪ್ಪುಗಾಳಿಗೆ.
ಇವತ್ತು ಬೆಳಿಗ್ಗೆ ಕುಕ್ಕರಿಗೆ ಸೀಟಿ ಹಾಕಿದೆ.
ಒಂದು.
ಎರಡು.
ಅದು ಕುತ್ತಿಗೆ ಓರೆ ಮಾಡಿ ಕೂತಿದೆ.